ಹಕ್ಕಿಯ ಕಣ್ಣನ್ನು ನೋಡಬಾರದು



ಈ ಸಂಚಿಕೆಗೆ ಲೇಖನ ಕೇಳುವಾಗ ನಮ್ಮ ಸಂಪಾದಕರು ಒಂದು ಷರತ್ತು ಹಾಕಿದರು. "ಏನು ಬೇಕಾದರೂ ಬರೆಯಿರಿ ಸ್ವಾಮಿ, ಊರಿನ ಮಾವಿನಮರ ಮತ್ತು ಅಜ್ಜಿಯ ಉಪ್ಪಿನಕಾಯಿ ಜಾಡಿ, ಇವೆರಡನ್ನು ಬಿಟ್ಟು." ನನ್ನ ಬತ್ತಳಿಕೆಯಲ್ಲಿದ್ದ ಎರಡೂ ಬಾಣಗಳನ್ನು ಹೀಗೆ ಕಿತ್ತುಕೊಂಡ ಮೇಲೆ ಉಳಿದದ್ದು ಪಿಸ್ತೂಲು. ಆದ್ದರಿಂದ ಈ ಸಲ ಪಿಸ್ತೂಲಿನ ಬಗ್ಗೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ಕಾಗದಕ್ಕೆ ತೂತು ಮಾಡುವ ಪಿಸ್ತೂಲು ಮಾತ್ರ.

ನಾನಿರುವುದು ಮ್ಯೂನಿಕ್ ನಗರದ ಉತ್ತರಕ್ಕೆ, ಒಂದು ಹಳ್ಳಿಯಲ್ಲಿ. ಬವೇರಿಯಾದ ಹಳ್ಳಿ ಎಂದರೆ ಒಂದು ಚರ್ಚು, ಒಂದು ಬಿಯರ್ ಅಂಗಳ, ಒಂದು ಅಗ್ನಿಶಾಮಕ ದಳ ಇದ್ದಂತೆಯೇ ಒಂದು ಶೂಟ್ಸೆನ್‌ಫೆರೈನ್, ಅಂದರೆ ಗುರಿಕಾರರ ಸಂಘವೂ ಇರುತ್ತದೆ. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಆ ಸಂಘದ ಹಳೆಯ ಸದಸ್ಯರು. ಹತ್ತು ವರ್ಷದಿಂದ ಬೇಲಿಯ ಆಚೆಯಿಂದ ಅವರು, ಈಚೆಯಿಂದ ನಾನು, ಟೊಮೆಟೊ ಬೆಳೆಯ ಬಗ್ಗೆ ಮಾತಾಡಿಕೊಂಡೇ ಬಂದಿದ್ದೆವು. ಹೋದ ಬೇಸಿಗೆಯಲ್ಲಿ ಒಂದು ಶನಿವಾರ, "ಅತಿಥಿಗಳಿಗೆ ಇವತ್ತು ಅವಕಾಶವಿದೆ, ಬರುತ್ತೀರಾ?" ಎಂದರು. ಮನೆಯಲ್ಲಿ ಹೇಳಿದೆ. "ಏನ್ರೀ ಬಂತು ನಿಮಗೆ ಈ ವಯಸ್ಸಲ್ಲಿ?" ಎಂದಳು ನನ್ನಾಕೆ. ಅವಳ ಮಾತಿನಲ್ಲಿ ತಮಾಷೆಗಿಂತ ಅಂಜಿಕೆಯೇ ಹೆಚ್ಚಿತ್ತು. 2009ರಲ್ಲಿ ಇದೇ ಜರ್ಮನಿಯ ವಿನ್ನೆನ್‌ಡೆನ್ ಕಡೆಯ ಹುಡುಗನೊಬ್ಬ, ಗುರಿಕಾರರ ಸಂಘದ ಸದಸ್ಯನಾಗಿದ್ದ ತಂದೆಯ ಪಿಸ್ತೂಲನ್ನು ಕದ್ದೊಯ್ದು ಹದಿನೈದು ಮಂದಿಯನ್ನು ಕೊಂದದ್ದನ್ನು ಅವಳು ಮರೆತಿಲ್ಲ. ನಾನೂ ಮರೆತಿಲ್ಲ. ಮೇಷ್ಟ್ರೂ ಮರೆತಿಲ್ಲ ಎಂಬುದು ಅವರು ಬೀರು ತೆಗೆದು, ಬೀಗ ಹಾಕಿ, ಮತ್ತೆ ಎಳೆದು ನೋಡುವ ರೀತಿಯಿಂದಲೇ ತಿಳಿಯುತ್ತದೆ.

ಸಂಘದ ಹಿಂದಿನ ಅಂಗಳದಲ್ಲಿ ಐವತ್ತು ಮೀಟರ್ ಉದ್ದದ ಓಣಿ. ಅದರ ತುದಿಯಲ್ಲಿ ಒಂದು ಬಿಳಿ ಕಾಗದ, ಅದರ ನಡುವೆ ಒಂದು ಕಪ್ಪು ಬೊಟ್ಟು. ಆ ದೂರದಿಂದ ಅದು ನಿಜಕ್ಕೂ ಬೊಟ್ಟೇ. ಮೇಷ್ಟ್ರು ನನ್ನ ಬಲಗೈಗೆ ಪಿಸ್ತೂಲು ಕೊಟ್ಟು, ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಸಿ, ಪಕ್ಕದಲ್ಲಿ ನಿಂತು ಕೇಳಿದರು, "ಏನು ಕಾಣಿಸುತ್ತಿದೆ?"

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಕನ್ನಡಿಗನುಂಟೆ? ಮರ ಕಾಣುತ್ತಿಲ್ಲ, ಕೊಂಬೆ ಕಾಣುತ್ತಿಲ್ಲ, ಎಲೆ ಕಾಣುತ್ತಿಲ್ಲ, ಹಕ್ಕಿಯ ಕಣ್ಣು ಮಾತ್ರ ಕಾಣುತ್ತಿದೆ. ದ್ರೋಣಾಚಾರ್ಯರಿಗೆ ಅರ್ಜುನ ಕೊಟ್ಟ ಉತ್ತರವನ್ನೇ ಜರ್ಮನ್ ಭಾಷೆಯಲ್ಲಿ, ಎದೆ ಉಬ್ಬಿಸಿ ಹೇಳಿದೆ. "ಆ ಕಪ್ಪು ಬೊಟ್ಟು. ಬೇರೇನೂ ಕಾಣುತ್ತಿಲ್ಲ." ಮೇಷ್ಟ್ರು ತಲೆಯಾಡಿಸಿದರು. "ಹಾಗಾದರೆ ಗುಂಡು ಅಲ್ಲಿಗೆ ಹೋಗುವುದಿಲ್ಲ."

ಹೋಗಲಿಲ್ಲ. ಐದು ಗುಂಡು ಹೊಡೆದೆ. ಎರಡು ಕಾಗದಕ್ಕೆ ತಾಗಿದವು. ಉಳಿದ ಮೂರು ಹಿಂದಿನ ಮಣ್ಣಿನ ದಿಬ್ಬದಲ್ಲಿ ಎಲ್ಲೋ ಇವೆ.

ಯಾಕೆ ಹೀಗೆ ಎಂದು ಅವರು ವಿವರಿಸಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಮುಂದಿನ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಪಿಸ್ತೂಲಿನ ಮೇಲ್ಭಾಗದಲ್ಲಿ ಗುರಿ ಹಿಡಿಯಲು ಎರಡು ಸಾಧನಗಳಿರುತ್ತವೆ. ಎರಡಕ್ಕೂ ಸೈಟು ಎಂದೇ ಹೆಸರು. (ಬೆಂಗಳೂರಿನವರು ಮೂವತ್ತು-ನಲವತ್ತರ ಅಳತೆ ಕೇಳಬೇಡಿ, ಆ ಸೈಟಲ್ಲ.) ಕಣ್ಣಿನ ಕಡೆಗಿರುವುದರಲ್ಲಿ ಒಂದು ಚೌಕದ ಕಚ್ಚು, ಮೂತಿಯ ಕಡೆಗಿರುವುದು ಒಂದು ಪುಟ್ಟ ಗೂಟ. ಕಚ್ಚಿನ ನಡುವೆ ಗೂಟ ಕಾಣಬೇಕು, ಎರಡೂ ಪಕ್ಕದಲ್ಲಿ ಬೆಳಕಿನ ಗೆರೆ ಸಮವಾಗಿರಬೇಕು, ತಲೆಗಳೆರಡೂ ಒಂದೇ ಮಟ್ಟದಲ್ಲಿರಬೇಕು. ಇದಿಷ್ಟೇ ಸೈಟು ಹೊಂದಿಸುವ ವಿದ್ಯೆ.

ಈಗ ಲೆಕ್ಕ. ಕಚ್ಚಿಗೂ ಗೂಟಕ್ಕೂ ನಡುವೆ 25 ಸೆಂಟಿಮೀಟರ್ ಎಂದುಕೊಳ್ಳಿ. ಗುರಿ ಇರುವುದು 50 ಮೀಟರ್ ಆಚೆ, ಅಂದರೆ ಅದರ ಇನ್ನೂರು ಪಟ್ಟು. ಗೂಟವು ಕಚ್ಚಿನೊಳಗೆ ಅರ್ಧ ಮಿಲಿಮೀಟರ್ ಎಡಕ್ಕೆ ವಾಲಿದರೆ ಗುಂಡು ಗುರಿಯಲ್ಲಿ 100 ಮಿಲಿಮೀಟರ್, ಅಂದರೆ ಒಂದು ಗೇಣಿನ ಅರ್ಧ, ಎಡಕ್ಕೆ ಹೋಗುತ್ತದೆ. ಇದೇ ಕೋನದ ತಪ್ಪು. ಆದರೆ ಗೂಟ-ಕಚ್ಚು ಸರಿಯಾಗಿ ಹೊಂದಿದ್ದು, ಇಡೀ ಕೈಯೇ ಒಂದು ಸೆಂಟಿಮೀಟರ್ ಪಕ್ಕಕ್ಕೆ ತೇಲಿದರೆ? ಗುಂಡೂ ಒಂದು ಸೆಂಟಿಮೀಟರ್ ಮಾತ್ರ ಪಕ್ಕಕ್ಕೆ ಹೋಗುತ್ತದೆ. ಹತ್ತು ಅಂಕದ ಒಳವೃತ್ತದ ಅಡ್ಡಳತೆ 5 ಸೆಂಟಿಮೀಟರ್. ಆದ್ದರಿಂದ ಆಗಲೂ ಹತ್ತಕ್ಕೆ ಹತ್ತು! ಕಣ್ಣಿಗೆ ದೊಡ್ಡದಾಗಿ ಕಾಣುವ ನಡುಕ ಗುಂಡಿಗೆ ಏನೂ ಅಲ್ಲ, ಕಣ್ಣಿಗೆ ಕಾಣದಷ್ಟು ಚಿಕ್ಕ ಓರೆ ಸರ್ವನಾಶ.

ಮನುಷ್ಯನ ಕಣ್ಣಿಗೆ ಒಮ್ಮೆಗೆ ಒಂದೇ ದೂರ ಸ್ಪಷ್ಟ. ದೂರದ ಬೊಟ್ಟನ್ನು ಸ್ಪಷ್ಟವಾಗಿ ನೋಡಿದರೆ ಹತ್ತಿರದ ಗೂಟ ಮಸುಕು, ಮಸುಕಾದದ್ದರಲ್ಲಿ ಅರ್ಧ ಮಿಲಿಮೀಟರ್ ಯಾರಿಗೆ ಕಂಡೀತು? ಅದಕ್ಕೇ ಗುರಿಕಾರ ಗೂಟವನ್ನು ನೋಡುತ್ತಾನೆ. ಕಪ್ಪು ಬೊಟ್ಟು ಬೂದು ಮೋಡದ ಹಾಗೆ ಹಿಂದೆ ತೇಲುತ್ತಿರಲಿ ಎಂದು ಬಿಟ್ಟುಬಿಡುತ್ತಾನೆ. ಅಷ್ಟೇ ಅಲ್ಲ, ಹೆಚ್ಚಿನವರು ಬೊಟ್ಟಿನ ನಡುವಿಗೆ ಗುರಿಯನ್ನೇ ಇಡುವುದಿಲ್ಲ. ಕಪ್ಪಿನ ಮೇಲೆ ಕಪ್ಪು ಗೂಟ ಕಾಣುವುದಿಲ್ಲವಾದ್ದರಿಂದ ಬೊಟ್ಟಿನ ಕೆಳಗಿನ ಬಿಳಿ ಜಾಗದಲ್ಲಿ ಗುರಿ ನಿಲ್ಲಿಸಿ, ಗುಂಡು ಮೇಲಕ್ಕೆ ಬೀಳುವಂತೆ ಕಚ್ಚನ್ನು ಮೊದಲೇ ಸರಿಪಡಿಸಿಕೊಂಡಿರುತ್ತಾರೆ. ಒಟ್ಟಿನಲ್ಲಿ ದ್ರೋಣರ ಪಾಠಶಾಲೆಯಲ್ಲಿ ಇವರೆಲ್ಲ ನಪಾಸು.

ಚಾಳೀಸು ಬಂದ ನಮ್ಮಂಥವರ ಪಾಡು ಇನ್ನೂ ಮಜ. ಚಾಚಿದ ಕೈಯ ತುದಿಗೆ ಸರಿಯಾಗಿ ಸ್ಪಷ್ಟತೆ ಬರುವಂತೆ ಇವರು ಬೇರೆಯೇ ಕನ್ನಡಕ ಮಾಡಿಸಿಕೊಳ್ಳುತ್ತಾರೆ. ನನ್ನ ಮೂರು ಪದರದ ಕನ್ನಡಕದಲ್ಲಿ ಗೂಟ ಹುಡುಕಲು ನಾನು ಕೋಳಿಯಂತೆ ಕತ್ತು ಎತ್ತಿಳಿಸುತ್ತಿದ್ದದ್ದನ್ನು ಕಂಡು ಪಕ್ಕದ ಓಣಿಯ ಹುಡುಗಿಯೊಬ್ಬಳು ನಕ್ಕಳು.

ಪಿಸ್ತೂಲು ಹುಟ್ಟಿದ್ದು ಹತ್ತಿರದ ಜಗಳಕ್ಕೆ. ಯುರೋಪಿನ ಗಣ್ಯರು ಮಾನ ಉಳಿಸಿಕೊಳ್ಳಲು ದ್ವಂದ್ವಯುದ್ಧ ಮಾಡುತ್ತಿದ್ದ ಕಾಲದಲ್ಲಿ ಎದುರಾಳಿ ನಿಲ್ಲುತ್ತಿದ್ದದ್ದು ಹತ್ತಿಪ್ಪತ್ತು ಹೆಜ್ಜೆ ಆಚೆ. ಆದರೆ ಆ ಜೋಡಿ ಪಿಸ್ತೂಲುಗಳನ್ನು ಮಾಡುತ್ತಿದ್ದ ಕುಶಲಕರ್ಮಿಗಳೇ ಮುಂದಿನ ಕ್ರೀಡೆಯ ಬೀಜ ಬಿತ್ತಿದರು. ಟ್ರಿಗರನ್ನು ಮೊದಲೇ ಬಿಗಿದಿಟ್ಟು, ಕೂದಲು ತಾಕಿದರೂ ಗುಂಡು ಹಾರುವಷ್ಟು ಹಗುರ ಮಾಡುವ ಯಂತ್ರವನ್ನು ಅವರು ಆ ಪಿಸ್ತೂಲುಗಳಲ್ಲಿ ಇಟ್ಟರು. ಯಾಕೆಂದರೆ ಅವರಿಗಾಗಲೇ ಒಂದು ಸತ್ಯ ಗೊತ್ತಿತ್ತು. ಗುರಿ ತಪ್ಪುವುದು ಕಣ್ಣಿನಿಂದಲ್ಲ, ಬೆರಳಿನಿಂದ.

ಜಗಳ ನಿಂತು ಆಟ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಗ್ಯಾಸ್ಟಿನ್-ರೆನೆಟ್ ಅಂಗಡಿಯ ಗ್ಯಾಲರಿಯಲ್ಲಿ ಶ್ರೀಮಂತರು ಸಂಜೆ ಬಂದು ಗುರಿ ಅಭ್ಯಾಸ ಮಾಡುತ್ತಿದ್ದರು. 1896ರಲ್ಲಿ ಅಥೆನ್ಸಿನಲ್ಲಿ ಹೊಸ ಒಲಿಂಪಿಕ್ಸ್ ಶುರುವಾದಾಗ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ಸಮ್ನರ್ ಪೇನ್ ಎಂಬಾತನನ್ನು, ಬಾಸ್ಟನ್ನಿನಿಂದ ಬಂದ ತಮ್ಮ ಜಾನ್ ಪೇನ್ ದಾರಿಯಲ್ಲಿ ಕರೆದುಕೊಂಡು ಹೋದ. ಇಬ್ಬರೂ ಪೆಟ್ಟಿಗೆಗಟ್ಟಲೆ ಗುಂಡು ಹೊತ್ತೊಯ್ದರು. ಬೇಕಾದದ್ದು ನೂರೂ ಅಲ್ಲ. 25 ಮೀಟರಿನ ಸೇನಾ ಪಿಸ್ತೂಲು ಸ್ಪರ್ಧೆಯಲ್ಲಿ ತಮ್ಮ ಮೊದಲಿಗ, ಅಣ್ಣ ಎರಡನೆಯವನು, ಉಳಿದವರು ಎಲ್ಲೋ ಹಿಂದೆ. ಆತಿಥೇಯರಿಗೆ ಇನ್ನಷ್ಟು ಮುಜುಗರ ಮಾಡುವುದು ಬೇಡವೆಂದು ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರಂತೆ, ಗೆದ್ದವನು ಮುಂದಿನ ಸ್ಪರ್ಧೆಗೆ ಇಳಿಯಕೂಡದೆಂದು. ಹಾಗೆ ಜಾನ್ ಹಿಂದೆ ಸರಿದ, ಮರುದಿನ 30 ಮೀಟರಿನಲ್ಲಿ ಸಮ್ನರ್ ಗೆದ್ದ. ಮನೆತನದ ಮರ್ಯಾದೆ ಎಂದರೆ ಇದು.

1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ದೂರ 50 ಮೀಟರಾಯಿತು. ಸ್ವಿಟ್ಜರ್ಲೆಂಡಿನ ರೋಡರರ್ 600ಕ್ಕೆ 503 ಅಂಕ ಪಡೆದು ಗೆದ್ದ. ಇದೇ ಮುಂದೆ ಫ್ರೀ ಪಿಸ್ತೂಲ್ ಎಂದು ಹೆಸರಾದ ಸ್ಪರ್ಧೆ. ಇಲ್ಲಿ ಫ್ರೀ ಎಂದರೆ ಬಿಟ್ಟಿಯಲ್ಲ, ನಿರ್ಬಂಧವಿಲ್ಲದ್ದು. ಪಾಯಿಂಟ್ ಟೂ ಟೂ ಗುಂಡು, ಮಸೂರವಿಲ್ಲದ ಬರಿಯ ಲೋಹದ ಸೈಟು, ಒಂದೇ ಕೈ, ಮಣಿಕಟ್ಟಿಗೆ ಆಸರೆ ಇರಬಾರದು. ಇಷ್ಟನ್ನು ಬಿಟ್ಟರೆ ತೂಕ, ಉದ್ದ, ಟ್ರಿಗರಿನ ಬಿಗಿ ಎಲ್ಲ ನಿಮ್ಮಿಷ್ಟ. ಹಿಡಿಯನ್ನು ಅವರವರ ಅಂಗೈಗೆ ತಕ್ಕಂತೆ ಮರದಲ್ಲಿ ಕೆತ್ತಿಸಿಕೊಳ್ಳುತ್ತಾರೆ. ಪಿಸ್ತೂಲನ್ನು ಹಿಡಿಯುವುದಲ್ಲ, ತೊಟ್ಟುಕೊಳ್ಳುವುದು ಎನ್ನಬಹುದು. ಅರವತ್ತು ಗುಂಡು, ಒಂದೊಂದಕ್ಕೂ ಕೈ ಎತ್ತಬೇಕು, ಇಳಿಸಬೇಕು. ಸರಿ ಅನಿಸದಿದ್ದರೆ ಹೊಡೆಯದೆ ಇಳಿಸಬೇಕು. ಈ ಕೊನೆಯದೇ ಬಹಳ ಕಷ್ಟದ್ದು ಎನ್ನುತ್ತಾರೆ ಮೇಷ್ಟ್ರು.

ಅಂಕಗಳ ಏರಿಕೆಯನ್ನು ನೋಡಿದರೆ ಈ ವಿದ್ಯೆ ಎಷ್ಟು ನಿಧಾನವಾಗಿ ಪಕ್ವವಾಯಿತೆಂದು ತಿಳಿಯುತ್ತದೆ. 1900ರಲ್ಲಿ 503. 1936ರ ಬರ್ಲಿನ್ನಿನಲ್ಲಿ ಸ್ವೀಡನ್ನಿನ ಟೋರ್ಸ್ಟನ್ ಉಲ್ಮನ್ 559. 1972ರಲ್ಲಿ ನಮ್ಮ ಮ್ಯೂನಿಕ್ಕಿನಲ್ಲಿ 567. 1980ರ ಮಾಸ್ಕೋದಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಾಂದರ್ ಮೆಲೆಂತಿಯೆವ್ 581. ಎಂಬತ್ತು ವರ್ಷಕ್ಕೆ ಎಪ್ಪತ್ತೆಂಟು ಅಂಕ!

ಇದರಲ್ಲಿ ಸ್ವಲ್ಪ ಪಾಲು ಕಮ್ಮಾರನದು. ಸ್ವಿಟ್ಜರ್ಲೆಂಡಿನ ಹೆಮ್ಮರ್ಲಿ ಕಂಪನಿ ಗಡಿಯಾರದಂಥ ಪಿಸ್ತೂಲು ಮಾಡಿತು. ರಷ್ಯಾದ ತೂಲಾ ಕಾರ್ಖಾನೆಯಿಂದ ತೋಜ್-35 ಬಂತು. ಅದನ್ನು ರೂಪಿಸಿದ ಯೆಫಿಮ್ ಖೈದೂರೋವ್ ಸ್ವತಃ ಗುರಿಕಾರ. ಮೆಲೆಂತಿಯೆವ್ ಕೈಯಲ್ಲಿದ್ದದ್ದೂ ಅದೇ. ಆಮೇಲೆ ವಿದ್ಯುತ್ ಟ್ರಿಗರುಗಳೂ ಬಂದವು. ಹತ್ತು ಮೀಟರಿನ ಏರ್ ಪಿಸ್ತೂಲಿಗೆ ಟ್ರಿಗರಿನ ಬಿಗಿ ಕನಿಷ್ಠ 500 ಗ್ರಾಮ್ ಇರಬೇಕೆಂದು ನಿಯಮ. ಫ್ರೀ ಪಿಸ್ತೂಲಿನಲ್ಲಿ ಇಪ್ಪತ್ತು ಗ್ರಾಮಿಗೆ ಇಟ್ಟುಕೊಳ್ಳುವವರಿದ್ದಾರೆ. ಮೂರು ಒಂದು-ಯೂರೋ ನಾಣ್ಯಗಳಷ್ಟೂ ತೂಕವಿಲ್ಲ.

ಅಷ್ಟು ಹಗುರವಾದ ಮೇಲೆ ಇನ್ನೇನು ಕಷ್ಟ ಎಂದು ನಾನೂ ಕೇಳಿದೆ. ಮೇಷ್ಟ್ರು ಖಾಲಿ ಪಿಸ್ತೂಲು ಕೊಟ್ಟು, ಗೂಟ ನೋಡುತ್ತಾ ಟ್ರಿಗರ್ ಒತ್ತಿ ಎಂದರು. ಕೈ ಸುಮ್ಮನಿರುವುದಿಲ್ಲ, ಎಷ್ಟು ದೊಡ್ಡ ಚಾಂಪಿಯನ್ನನ ಕೈಯೂ ಸುಮ್ಮನಿರುವುದಿಲ್ಲ, ಎದೆ ಬಡಿದಂತೆಲ್ಲ ಆಡುತ್ತದೆ. ಆಡುತ್ತಾ ಆಡುತ್ತಾ ಒಂದು ಗಳಿಗೆ ಗೂಟ, ಕಚ್ಚು, ಬೊಟ್ಟು ಮೂರೂ ಅದ್ಭುತವಾಗಿ ಒಂದು ಗೆರೆಯಲ್ಲಿ ಬರುತ್ತವೆ. ಆಗ ಮನಸ್ಸು "ಈಗ!" ಎಂದು ಕೂಗುತ್ತದೆ. ಆ ಕೂಗಿಗೆ ಬೆರಳೊಂದೇ ಓಗೊಡುವುದಿಲ್ಲ. ಅಂಗೈ, ಮಣಿಕಟ್ಟು, ಭುಜ ಎಲ್ಲವೂ ಒಟ್ಟಿಗೆ ಬಿಗಿಯುತ್ತವೆ. ಗೂಟ ಅರ್ಧ ಮಿಲಿಮೀಟರ್ ವಾಲುತ್ತದೆ. ಕತೆ ಮುಗಿಯಿತು. ಟ್ರಿಗರ್ ಎಷ್ಟೇ ಹಗುರವಿರಲಿ, ಆ "ಈಗ" ಎಂಬುದು ಹಗುರವಲ್ಲ. ಆದ್ದರಿಂದ ಇವರ ಸಾಧನೆಯೆಲ್ಲ ನಡುಕವನ್ನು ನಡುಕವೆಂದು ಒಪ್ಪಿಕೊಂಡು, ಕಣ್ಣನ್ನು ಗೂಟದ ಮೇಲಿಟ್ಟು, ಬೆರಳು ತನ್ನಷ್ಟಕ್ಕೆ ಒತ್ತುತ್ತಾ ಹೋಗುವಂತೆ ಬಿಡುವುದು. ಗುಂಡು ಹಾರಿದಾಗ ಹೊಡೆದವನಿಗೇ ಆಶ್ಚರ್ಯವಾಗಬೇಕು.

ಇದನ್ನು ಕೇಳುವಾಗ ಹಂಗೇರಿಯ ಕಾರೋಲಿ ತಕಾಚ್‌ನ ನೆನಪಾಯಿತು. ಆತ 25 ಮೀಟರಿನ ಕ್ಷಿಪ್ರ ಗುರಿಯವನು, ನಮ್ಮ ಐವತ್ತು ಮೀಟರಿನವನಲ್ಲ. ಆದರೂ ಹೇಳಲೇಬೇಕು. 1938ರಲ್ಲಿ ಸೈನ್ಯದ ತರಬೇತಿಯಲ್ಲಿ ಕೈಬಾಂಬು ಸಿಡಿದು ಆತನ ಬಲಗೈ ಹೋಯಿತು, ಗುರಿ ಹಿಡಿಯುವ ಕೈಯೇ. ಗುಟ್ಟಾಗಿ ಎಡಗೈಯಲ್ಲಿ ಅಭ್ಯಾಸ ಮಾಡಿ ಮರುವರ್ಷ ರಾಷ್ಟ್ರೀಯ ಚಾಂಪಿಯನ್ ಆದ. ಯುದ್ಧದಿಂದಾಗಿ ಎರಡು ಒಲಿಂಪಿಕ್ಸ್ ನಡೆಯಲೇ ಇಲ್ಲ. 1948ರಲ್ಲಿ ಲಂಡನ್ನಿನಲ್ಲಿ, 1952ರಲ್ಲಿ ಹೆಲ್ಸಿಂಕಿಯಲ್ಲಿ, ಎರಡೂ ಸಲ ಎಡಗೈಯಿಂದಲೇ ಚಿನ್ನ. ವಿದ್ಯೆ ಕೈಯಲ್ಲಿದ್ದಿದ್ದರೆ ಕೈಯೊಡನೆ ಹೋಗಬೇಕಿತ್ತಲ್ಲವೆ?

ಮ್ಯೂನಿಕ್ ಎಂದೆನಲ್ಲ, ಆ 1972ರ ಒಲಿಂಪಿಕ್ಸಿಗೆಂದು ಕಟ್ಟಿದ ಗುರಿ ಅಂಕಣ ನಮ್ಮ ಮನೆಯಿಂದ ದೂರವಿಲ್ಲದ ಹೋಖ್‌ಬ್ರೂಕ್‌ನಲ್ಲಿದೆ. ಅಲ್ಲಿ ಫ್ರೀ ಪಿಸ್ತೂಲು ಗೆದ್ದವನು ಸ್ವೀಡನ್ನಿನ ರಾಗ್ನರ್ ಸ್ಕನೋಕೆರ್. ವಯಸ್ಸು 38, ಅದೇ ಮೊದಲ ಒಲಿಂಪಿಕ್ಸ್. ಅಲ್ಲಿಂದ ಮುಂದೆ 1996ರವರೆಗೆ ಒಂದನ್ನೂ ಬಿಡದೆ ಏಳು ಒಲಿಂಪಿಕ್ಸಿಗೆ ಹೋದ.

1984ರ ಲಾಸ್ ಏಂಜಲೀಸಿನಲ್ಲಿ ಈತನ ಪಕ್ಕದಲ್ಲಿ ನಿಂತವನು ಚೀನಾದ ಶು ಹಾಯ್‌ಫೆಂಗ್. ಚಿಕ್ಕಂದಿನಲ್ಲಿ ಕ್ಯಾಟರ್‌ಬಿಲ್ಲಿನಿಂದ ಗುಬ್ಬಿ ಹೊಡೆಯುತ್ತಿದ್ದ ಹುಡುಗ, ದೊಡ್ಡವನಾಗಿ ರಸಗೊಬ್ಬರದ ಅಂಗಡಿಯಲ್ಲಿ ಮಾರಾಟ ಮಾಡುತ್ತಿದ್ದವನು. ಚೀನಾ ಅಲ್ಲಿಯವರೆಗೆ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಚಿನ್ನ ಗೆದ್ದಿರಲಿಲ್ಲ. ಆ ಕ್ರೀಡಾಕೂಟದ ಮೊಟ್ಟಮೊದಲ ಚಿನ್ನವೇ ಫ್ರೀ ಪಿಸ್ತೂಲಿನದು. ಕೊನೆಯ ಗುಂಡುಗಳು ಬಾಕಿಯಿರುವಾಗ ಪತ್ರಕರ್ತರೆಲ್ಲ ಅವನ ಬೆನ್ನ ಹಿಂದೆ ಜಮಾಯಿಸಿದರು. ಶು ಪಿಸ್ತೂಲು ಕೆಳಗಿಟ್ಟು ಹೋಗಿ ಕುಳಿತುಬಿಟ್ಟ. ಮನಸ್ಸಿನ "ಈಗ" ಅಡಗುವವರೆಗೆ ಕುಳಿತೇ ಇದ್ದ. ಆಮೇಲೆ ಎದ್ದು ಬಂದು ಮುಗಿಸಿದ. ಶು 566, ಸ್ಕನೋಕೆರ್ 565, ಇನ್ನೊಬ್ಬ ಚೀನೀಯ ವಾಂಗ್ ಯಿಫು 564. ನೂರು ಕೋಟಿ ಜನರ ದೇಶದ ಮೊದಲ ಚಿನ್ನ ಒಂದೇ ಅಂಕದಲ್ಲಿ. ಲೆಕ್ಕ ಹಾಕಿ ನೋಡಿ, ಒಂದು ಅಂಕವೆಂದರೆ ಗುರಿಯ ಮೇಲೆ 25 ಮಿಲಿಮೀಟರ್, ಗೂಟದ ಮೇಲೆ ಮಿಲಿಮೀಟರಿನ ಎಂಟನೆಯ ಒಂದು ಪಾಲು.

1992ರ ಬಾರ್ಸಿಲೋನಾ ಇನ್ನೂ ಚೆಂದ. ಚಿನ್ನ ಗೆದ್ದ ಕೊನ್‌ಸ್ಟಾಂಟಿನ್ ಲುಕಾಶಿಕ್ ಎಂಬ ಹುಡುಗನಿಗೆ 16 ವರ್ಷ. ಅದೇ ವೇದಿಕೆಯಲ್ಲಿ ಕಂಚು ಕೊರಳಿಗೆ ಹಾಕಿಕೊಂಡ ಸ್ಕನೋಕೆರ್‌ಗೆ 58! ಅಜ್ಜ ಮೊಮ್ಮಗ ಒಂದೇ ಸ್ಪರ್ಧೆಯಲ್ಲಿ ಸಮಬಲರಾಗಿ ನಿಲ್ಲುವುದು ಬೇರೆ ಯಾವ ಆಟದಲ್ಲಿ ಸಾಧ್ಯ? ಇದನ್ನು ನಮ್ಮಾಕೆಗೂ ಓದಿ ಹೇಳಿದೆ. "ಅವರು ನಿಮ್ಮ ಹಾಗೆ ಮೂವತ್ತು ವರ್ಷ ಸೋಫಾದ ಮೇಲೆ ಕೂತಿರಲಿಲ್ಲ" ಎಂಬ ಉತ್ತರ ಬಂತು.

ಎದೆಬಡಿತದ ಕಥೆಗೆ ಒಂದು ಕಪ್ಪು ಪುಟವೂ ಇದೆ. 2008ರ ಬೀಜಿಂಗಿನಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿ, ಹತ್ತು ಮೀಟರಿನಲ್ಲಿ ಕಂಚು ಪಡೆದಿದ್ದ ಉತ್ತರ ಕೊರಿಯಾದ ಕಿಮ್ ಜೊಂಗ್-ಸು ಎರಡೂ ಪದಕ ಹಿಂದಿರುಗಿಸಬೇಕಾಯಿತು. ಮೂತ್ರದಲ್ಲಿ ಸಿಕ್ಕಿದ್ದು ಪ್ರೊಪ್ರನೊಲಾಲ್. ನಮ್ಮಲ್ಲಿ ಎಷ್ಟೋ ಮಂದಿ ಬಿ.ಪಿ.ಗೆ, ಕೈನಡುಕಕ್ಕೆ ನುಂಗುವ ಸಾಮಾನ್ಯ ಗುಳಿಗೆ. ಓಡುವವನಿಗೆ ಅದರಿಂದ ನಷ್ಟವೇ ಆದೀತು, ಗುರಿ ಹಿಡಿಯುವವನಿಗೆ ಮಾತ್ರ ಮೋಸದ ವರ.

ಅದೇ ಬೀಜಿಂಗಿನಲ್ಲಿ ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಜಿನ್ ಜೊಂಗ್-ಓ. 2012ರ ಲಂಡನ್ನಿನಲ್ಲೂ ಅವರೇ. 2014ರಲ್ಲಿ ಸ್ಪೇನಿನ ಗ್ರನಾಡಾದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 583 ಅಂಕ ಹೊಡೆದು ಮೆಲೆಂತಿಯೆವ್‌ನ 34 ವರ್ಷದ ದಾಖಲೆ ಮುರಿದರು. ಆ ಹಳೆಯ ದಾಖಲೆ ಆದಾಗ ಜಿನ್ ಇನ್ನೂ ವರ್ಷ ತುಂಬದ ಕೂಸು. (ಗ್ರನಾಡಾದಲ್ಲಿ ಅವರ ಹಿಂದೆ ಬೆಳ್ಳಿ ಪಡೆದವರು ನಮ್ಮ ಸೇನೆಯ ಜೀತು ರೈ.)

ಆದರೆ ನಾನು ಮತ್ತೆ ಮತ್ತೆ ನೋಡುವುದು 2016ರ ರಿಯೋ ಫೈನಲ್ಲಿನ ವಿಡಿಯೊ. ಕೈಯಲ್ಲಿ ಕೆಂಪು ಬಣ್ಣದ ಪಿಸ್ತೂಲು, ಮೂರನೆಯ ಚಿನ್ನದ ಆಸೆ. ಒಂಬತ್ತನೆಯ ಗುಂಡಿಗೆ ಪರದೆಯ ಮೇಲೆ 6.6 ಎಂದು ಬಂತು. ಸಭಾಂಗಣ ಉಸಿರು ಬಿಗಿಹಿಡಿಯಿತು. 6.6 ಎಂದರೆ ನಡುವಿನಿಂದ ಸುಮಾರು ಹನ್ನೊಂದು ಸೆಂಟಿಮೀಟರ್, ಕಪ್ಪು ಬೊಟ್ಟಿನಿಂದಲೇ ಹೊರಗೆ. ನಮ್ಮ ಮೇಲಿನ ಲೆಕ್ಕ ನೆನಪಿದೆಯೇ? ಅರ್ಧ ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು. ಜಗತ್ತಿನ ಅತಿ ದೊಡ್ಡ ಗುರಿಕಾರನಿಗೂ ಅವತ್ತು "ಈಗ" ಎನಿಸಿತ್ತು. ಜಿನ್ ಏಳನೆಯ ಸ್ಥಾನಕ್ಕೆ ಜಾರಿದರು. ಆಮೇಲೆ ಅವರು ಮಾಡಿದ್ದೇನು? ಹೊಸದೇನೂ ಇಲ್ಲ. ಕೈ ಎತ್ತಿದರು, ಗೂಟ ನೋಡಿದರು, ಬೆರಳು ಬಿಟ್ಟರು. ಒಬ್ಬೊಬ್ಬರೇ ಹೊರಬೀಳುತ್ತಾ ಹೋದರು. ಕೊನೆಗೆ ವಿಯೆಟ್ನಾಮಿನ ಹೊವಾಂಗ್ ಶುವಾನ್ ವಿನ್ ಅವರನ್ನೂ ದಾಟಿ 193.7 ಅಂಕಗಳ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ. ಒಂದೇ ವೈಯಕ್ತಿಕ ಗುರಿ ಸ್ಪರ್ಧೆಯನ್ನು ಸತತ ಮೂರು ಒಲಿಂಪಿಕ್ಸಿನಲ್ಲಿ ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಅದೇ ರಿಯೋದ ಅರ್ಹತಾ ಸುತ್ತಿನ ಸಾಲಿನಲ್ಲಿ ಬೆಂಗಳೂರಿನವರೊಬ್ಬರು ನಿಂತಿದ್ದರು ಎಂಬುದು ನಮ್ಮ ಬಳಗದಲ್ಲಿ ಎಷ್ಟು ಜನಕ್ಕೆ ಗೊತ್ತು? ಪ್ರಕಾಶ್ ನಂಜಪ್ಪ. ಅವರ ಕಥೆ ನಮ್ಮ ನಿಮ್ಮ ಕಥೆಯಂತೆಯೇ ಶುರುವಾಗುತ್ತದೆ. ಸಾಫ್ಟ್‌ವೇರ್ ಇಂಜಿನಿಯರು, ಕೆನಡಾದಲ್ಲಿ ಕೆಲಸ. ತಂದೆ ಗುರಿಕಾರರಾಗಿದ್ದರಿಂದ ಪಿಸ್ತೂಲು ಹೊಸದಲ್ಲ, ಆದರೆ ಅದು ಹಿಂದೆ ಉಳಿದಿತ್ತು. ಇಲ್ಲಿಂದ ಮುಂದೆ ಕಥೆ ಬೇರೆ. ನಾವೆಲ್ಲ "ಇನ್ನು ಎರಡು ವರ್ಷ, ಆಮೇಲೆ ವಾಪಸ್" ಎಂದುಕೊಂಡು ಕೂತೆವು. ಅವರು ಕೆಲಸ ಬಿಟ್ಟು ನಿಜವಾಗಿಯೂ ವಾಪಸ್ ಹೋಗಿ ಪಿಸ್ತೂಲು ಎತ್ತಿದರು. 2013ರಲ್ಲಿ ಚಾಂಗ್ವನ್ ವಿಶ್ವಕಪ್ಪಿನಲ್ಲಿ ಹತ್ತು ಮೀಟರಿನ ಕಂಚು. ಅದೇ ವರ್ಷ ಸ್ಪೇನಿಗೆ ಸ್ಪರ್ಧೆಗೆ ಹೋಗಿದ್ದಾಗ ಮುಖದ ಒಂದು ಪಕ್ಕ ಪಾರ್ಶ್ವವಾಯು ಬಡಿದು ಸೆಟೆದುಕೊಂಡಿತು. ಯಾವ ಆಟಗಾರನಿಗೂ ಅದು ಕಷ್ಟವೇ. ಆದರೆ ಕಣ್ಣರೆಪ್ಪೆ ಮಾತು ಕೇಳದಿದ್ದರೆ ಕಚ್ಚಿನೊಳಗಿನ ಗೂಟ ನೋಡಿ ಬದುಕುವವನ ಗತಿಯೇನು? ಚೇತರಿಸಿಕೊಂಡು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹತ್ತು ಮೀಟರಿನ ಬೆಳ್ಳಿ ತಂದರು. ರಿಯೋದ ಐವತ್ತು ಮೀಟರಿನಲ್ಲಿ ಅವರಿಗೆ ಸಿಕ್ಕಿದ್ದು 547 ಅಂಕ, 25ನೆಯ ಸ್ಥಾನ. ಜೀತು ರೈ 554, 12ನೆಯ ಸ್ಥಾನ. ಮರುದಿನದ ಪತ್ರಿಕೆಗಳಲ್ಲಿ "ನಿರಾಸೆ" ಎಂದು ಬಂತು. 547 ಎಂದರೆ ಗುಂಡಿಗೆ ಸರಾಸರಿ ಒಂಬತ್ತಕ್ಕಿಂತ ಹೆಚ್ಚು. 1948ರಲ್ಲಿ ಪೆರು ದೇಶದ ವಾಸ್ಕೆಜ್ ಕಾಮ್ ಇದೇ ಸ್ಪರ್ಧೆಯ ಚಿನ್ನ ಗೆದ್ದದ್ದು 545ಕ್ಕೆ. ಐದರಲ್ಲಿ ಮೂರು ಗುಂಡು ಮಣ್ಣಿಗೆ ಹಾಕಿದ ನನ್ನಂಥವನಿಗೆ ಆ "ನಿರಾಸೆ" ಎಂಬ ಪದ ಬರೆದವರ ಕೈಗೆ ಒಮ್ಮೆ ಪಿಸ್ತೂಲು ಕೊಟ್ಟು ನೋಡಬೇಕು ಅನಿಸುತ್ತದೆ.

ಅವತ್ತು ಅಲ್ಲಿ ನಿಂತಿದ್ದ ಯಾರಿಗೂ ಗೊತ್ತಿರಲಿಲ್ಲ, ಅದೇ ಕೊನೆಯ ಸಲ ಎಂದು. ಒಲಿಂಪಿಕ್ಸಿನಲ್ಲಿ ಸ್ತ್ರೀ ಪುರುಷರಿಗೆ ಸಮ ಸಂಖ್ಯೆಯ ಸ್ಪರ್ಧೆಗಳಿರಬೇಕೆಂಬ ಮಾತು ಬಂದು, 2017ರಲ್ಲಿ ಗಂಡಸರಿಗೆ ಮಾತ್ರ ಇದ್ದ ಮೂರು ಸ್ಪರ್ಧೆಗಳನ್ನು ತೆಗೆದು ಮಿಶ್ರ ಜೋಡಿಯ ಸ್ಪರ್ಧೆಗಳನ್ನು ತಂದರು. ಹೋದ ಮೂರರಲ್ಲಿ ಫ್ರೀ ಪಿಸ್ತೂಲೂ ಒಂದು. ಸಮಾನತೆಯ ಬೇಡಿಕೆ ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಹೊಸ ಸ್ಪರ್ಧೆಯಿಂದ ನಮಗೆ ಲಾಭವೂ ಆಯಿತು. 2024ರ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಹತ್ತು ಮೀಟರಿನ ಮಿಶ್ರ ಜೋಡಿಯಲ್ಲಿ ಕಂಚು ತಂದಾಗ ನಾನೂ ಕುಣಿದವನೇ. ಆದರೆ ಬಾಗಿಲು ಮುಚ್ಚುವ ಬದಲು ಅದೇ ಬಾಗಿಲನ್ನು ಹೆಂಗಸರಿಗೂ ತೆರೆಯಬಹುದಿತ್ತಲ್ಲ? ಐವತ್ತು ಮೀಟರಿನ ಆ ಓಣಿಯಲ್ಲಿ ಬಲಕ್ಕೇನು ಕೆಲಸ? ಹದಿನಾರರ ಹುಡುಗ, ಐವತ್ತೆಂಟರ ಅಜ್ಜ ಒಟ್ಟಿಗೆ ನಿಂತ ಕಡೆ ಹೆಣ್ಣು ಗಂಡು ಒಟ್ಟಿಗೆ ನಿಲ್ಲಲು ಏನಡ್ಡಿ ಇತ್ತು?

ಜಿನ್ ಹತ್ತು ಮೀಟರಿಗೆ ಇಳಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಪದಕ ಬರಲಿಲ್ಲ. 2018ರಲ್ಲಿ ಚಾಂಗ್ವನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಭಾರತದ ಓಂ ಪ್ರಕಾಶ್ ಮಿಠರ್ವಾಲ್ 564 ಅಂಕ ಹೊಡೆದು ಈ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದರು. ಆಗ ಅದರಿಂದ ಒಲಿಂಪಿಕ್ಸಿಗೆ ಹೋಗುವ ದಾರಿಯೇ ಮುಚ್ಚಿತ್ತು. ಜಗತ್ತಿಗೇ ಮೊದಲಿಗನಾದ ದಿನ, ಆ ಜಗತ್ತೇ ಅರ್ಧ ಖಾಲಿಯಾಗಿತ್ತು.

"ನಮ್ಮ ಸಂಘದಲ್ಲೂ ಹುಡುಗರು ಈಗ ಇದಕ್ಕೆ ಬರುವುದಿಲ್ಲ" ಎಂದರು ಮೇಷ್ಟ್ರು. ಅವರ ಪಿಸ್ತೂಲಿನ ಹಿಡಿಯ ಮರ ಬೆರಳಿನ ಗುರುತು ಬಿದ್ದು ನುಣುಪಾಗಿದೆ. ಅದು ಬೇರೆ ಯಾರ ಕೈಗೂ ಕೂರುವುದಿಲ್ಲ, ನನ್ನ ಕೈಗೂ ಸರಿಯಾಗಿ ಕೂತಿರಲಿಲ್ಲ.

ಅಂಗಳ ಮುಚ್ಚಲು ಹತ್ತು ನಿಮಿಷವಿತ್ತು. ಇನ್ನೂ ಐದು ಗುಂಡು ಕೊಟ್ಟರು. ಬೊಟ್ಟನ್ನು ಮರೆತುಬಿಡಿ ಎಂದರು. ಮರೆತೆ ಅನ್ನಲಾರೆ. ಮೊದಲ ನಾಲ್ಕರಲ್ಲಿ ಕಳ್ಳಗಣ್ಣು ಅತ್ತ ಹೋಗುತ್ತಲೇ ಇತ್ತು. ಐದನೆಯದಕ್ಕೆ ತೋಳು ಸೋತಿತ್ತು, ಹೇಗೂ ತಪ್ಪುತ್ತದೆ ಎಂಬ ಉದಾಸೀನ ಬಂದಿತ್ತು. ಗೂಟವನ್ನೇ ನೋಡುತ್ತಿದ್ದೆ. ಅದರ ಮೂಲೆಯಲ್ಲಿ ಒಂದು ಕಡೆ ಕಪ್ಪು ಬಣ್ಣ ಸ್ವಲ್ಪ ಉದುರಿತ್ತು ಎಂಬುದು ಆಗ ಮೊದಲ ಸಲ ಕಂಡಿತು. ಗುಂಡು ಹಾರಿತು. ಯಾವಾಗ ಒತ್ತಿದೆನೋ ತಿಳಿಯಲಿಲ್ಲ.

ಮೇಷ್ಟ್ರು ದೂರದರ್ಶಕಕ್ಕೆ ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂಬತ್ತು" ಎಂದರು. ಇನ್ನೊಂದು ಗುಂಡು ಕೊಡಿ ಎಂದು ಕೈಚಾಚಿದೆ. ಅವರು ಗಡಿಯಾರ ತೋರಿಸಿ ಪಿಸ್ತೂಲನ್ನು ಪೆಟ್ಟಿಗೆಗೆ ಇಟ್ಟು, ಬೀಗ ಹಾಕಿ, ಎಳೆದು ನೋಡಿದರು.